ಹಸಿರು ಮಣಿಯ ಡಬ್ಬಿ

ಬಹಳ ಹಿಂದೆ, ಏಳು ಕಡಲಾಚೆಯ ಪ್ಯಾರಿಸ್ ಪಟ್ಟಣದಲ್ಲಿ ಬಣ್ಣ ಕಲಸಲು ಒಲ್ಲದ ಚಿತ್ರಕಾರರಿದ್ದರಂತೆ. ಕೆಂಪಿನ ಪಕ್ಕ ಹಸಿರು, ಹಳದಿಯ ಪಕ್ಕ ನೇರಳೆ ಎಂದು ಬರೀ ಚುಕ್ಕಿ ಇಡುತ್ತ ಹೋಗುವರಂತೆ. ಕಲಸುವ ಕೆಲಸ ನೋಡುವವರ ಕಣ್ಣಿಗೆ ಬಿಟ್ಟದ್ದಂತೆ.

ಬಾಳೂರಿನ ಜೊಹರಾಳ ಟೈಲರ್ ಅಂಗಡಿಯಲ್ಲಿ, ಕಾಲೇಜಿನಲ್ಲಿ ಉಡುಪು ವಿನ್ಯಾಸ ಕಲಿತು ಬಂದ ಭುವನಾ ಈ ಕಥೆ ಹೇಳಿದಾಗ, ಕಾಫಿ ಕೊಯ್ಲು ಮುಗಿಸಿ ಮಣಿಕೆಲಸಕ್ಕೆ ಬಂದಿದ್ದ ಆರು ಹೆಂಗಸರೂ ಸೂಜಿ ನಿಲ್ಲಿಸಿ ಕೇಳಿದ್ದರು. ಆ ಚುಕ್ಕಿಗಳನ್ನೇ ಮಣಿಗಳನ್ನಾಗಿಸಿ ಭುವನಾ ಆರು ಉಡುಪುಗಳನ್ನು ರೂಪಿಸಿದ್ದಳು. ಐದು ಮುಗಿದಿದ್ದವು. ಉಳಿದದ್ದು ಕಾಫಿಹಣ್ಣಿನ ನಿಲುವಂಗಿ. ಆರೂ ಸೇರದಿದ್ದರೆ ಚಿಕ್ಕಮಗಳೂರಿನ ಪ್ರದರ್ಶನದಲ್ಲಿ ಅವಳಿಗೆ ಜಾಗವಿರಲಿಲ್ಲ.

"ಬುಧವಾರ ಮೂರು ಗಂಟೆ ಜೀಪಿಗೆ ಹಾಕ್ತೀನಿ. ಮಾತು ಕೊಟ್ಟೆ, ಹೋಗು" ಎಂದಿದ್ದಳು ಜೊಹರಾ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಭುವನಾ ಅಂಗಿ ಬಿಡಿಸಿ ನೋಡಿದಳು. ಹೊಲಿಗೆಯೇನೋ ಕಣ್ಣಿಗೊತ್ತಿಕೊಳ್ಳುವಂತಿತ್ತು. ಆದರೆ ಉದ್ದಕ್ಕೂ ಬರೀ ಕೆಂಪು, ಗೋಡೆಗೆ ಬಳಿದ ಹಾಗೆ ಮಂಕು.

"ಹಸಿರು ಮಣಿ ಎಲ್ಲಿ, ವಸಂತಮ್ಮ?"

ಹೆಂಗಸರಲ್ಲಿ ಹಿರಿಯರಾದ ವಸಂತಮ್ಮ ಹೆಮ್ಮೆಯಿಂದ ಡಬ್ಬಿಯೊಂದನ್ನು ಮುಂದಿಟ್ಟರು. "ಒಂದೂ ಬಿಡ್ದೆ ಆರ್ಸಿ ತೆಗ್ದಿದೀವಿ. ಹಣ್ಣಲ್ಲಿ ಕಾಯಿ ಬಂದ್ರೆ ತೋಟದ ಲೆಕ್ಕ ಬರೆಯೋ ರೈಟರು ಸುಮ್ನೆ ಬಿಡ್ತಾರಾ?"

"ಅಯ್ಯೋ, ಅಷ್ಟು ಚೆಂದ ಕಥೆ ಕೇಳಿದ್ರಲ್ರೇ!" ಜೊಹರಾ ತಲೆ ಚಚ್ಚಿಕೊಂಡಳು.

"ಕಥೆ ಕಿವಿ ಕೇಳ್ತು ಮಾರಾಯ್ತಿ. ಕೈ ಕೇಳ್ಬೇಕಲ್ಲ? ಮೂವತ್ತು ವರ್ಷ ಹಸಿರು ಕಾಯಿ ಹೆಕ್ಕಿದ ಕೈ ಇದು."

ಅಳು ಬರುತ್ತಿದ್ದರೂ ಭುವನಾಗೆ ನಗು ತಡೆಯಲಾಗಲಿಲ್ಲ. ಕೆಂಪು ಮಣಿಗಳ ನಡುವೆ ಸೂಜಿ ತೂರುವಷ್ಟು ಸಂದು ಇತ್ತು. ಬಿಚ್ಚುವುದು ಬೇಡ, ಸೇರಿಸಿದರೆ ಸಾಕು. ಆದರೆ ಐದೇ ಗಂಟೆಯಲ್ಲಿ?

"ಒಬ್ಬೊಬ್ರು ಒಂದೊಂದು ಸಾಲು ಹಿಡೀರೇ!" ವಸಂತಮ್ಮ ತೋಟದಲ್ಲಿ ಕೂಗುವಂತೆ ಕೂಗಿದರು.

ಅಂಗಿ ಮೇಜಿನ ಮೇಲೆ ಹರಡಿತು. ಗಿಡದ ಸಾಲು ಹಿಡಿದಂತೆ ಆರು ಜನ ಆರು ಪಟ್ಟಿ ಹಿಡಿದರು. ರೆಂಬೆ ಮುರಿಯದೆ ಹಣ್ಣೊಂದನ್ನೇ ಬಿಡಿಸುವ ಬೆರಳುಗಳು ಅವು. ಬಟ್ಟೆಯನ್ನು ಎಲ್ಲೂ ಸುಕ್ಕಾಗಿಸದೆ, ನೋಡದೆಯೇ ಸಂದು ಹುಡುಕುತ್ತಿದ್ದವು. ಇಂಥ ಕೈಗಳನ್ನು ತಾನು ಯಾವ ಕಾಲೇಜಿನಲ್ಲೂ ಕಂಡಿಲ್ಲ ಎಂದುಕೊಳ್ಳುತ್ತ ಭುವನಾ ಸೂಜಿಗೆ ನೂಲು ಪೋಣಿಸಿ ಪೋಣಿಸಿ ಕೊಟ್ಟಳು. ಎರಡೂವರೆಗೆ ಬಾಗಿಲಾಚೆ ಹೋಗಿ ತಿರುಗಿ ನೋಡಿದರೆ, ಹಸಿರು ಸೋಕಿದ ಕಡೆಯೆಲ್ಲ ಕೆಂಪು ಹೊತ್ತಿಕೊಂಡಿತ್ತು.

"ಹೊಳೀತಿದೆ ಜೊಹರಕ್ಕ!"

"ಹೊಳೀಲಿ, ಮೊದ್ಲು ನೂಲು ಕೊಡು!"

ಹೊರಗೆ ಜೀಪು ಎರಡು ಸಲ ಹಾರ್ನ್ ಮಾಡಿತು. ವಸಂತಮ್ಮ ಕತ್ತೆತ್ತಲಿಲ್ಲ. ತೋಳಿನ ತುದಿಯ ಕಟ್ಟಕಡೆಯ ಮಣಿಗೆ ಗಂಟು ಹಾಕಿ, ನೂಲನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದರು.