ಹೂಂ ಅನ್ನುವವರಿಲ್ಲದ ದ್ವೀಪ

ಬೆಂಗೇರಿಯ ಆ ಓಣಿಯಲ್ಲಿ ಕಾಳವ್ವನಷ್ಟು ಚೆನ್ನಾಗಿ ಹೂಂ ಅನ್ನುವವರು ಇನ್ನೊಬ್ಬರಿರಲಿಲ್ಲ. ಅದೇನು ಮಹಾ ವಿದ್ಯೆ ಎಂದು ಮೂಗು ಮುರಿಯುವವರು ಒಂದು ಸಲ ಕಥೆ ಹೇಳಿ ನೋಡಬೇಕು. ಎದುರಿಗೆ ಕೂತವರು ಹೂಂ ಅನ್ನದಿದ್ದರೆ ಹೇಳುವವನ ಬಾಯಿ ಒಣಗುತ್ತದೆ, ರಾಜನ ಹೆಸರು ಮರೆಯುತ್ತದೆ, ಕುದುರೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಹೂಂ ಅನ್ನುವವರಿಲ್ಲದೆ ಕಥೆ ಹೇಳಿದರೆ ಕಥೆ ಮುನಿಸಿಕೊಂಡು ಎದ್ದು ಹೋಗುತ್ತದೆಂದು ಆ ಕಡೆಯ ಮನೆಗಳಲ್ಲಿ ನಂಬಿಕೆ. ಅದಕ್ಕೇ ಸಣ್ಣ ಮಕ್ಕಳಿಗೆ ಮೊದಲು ಹೂಂ ಅನ್ನುವುದನ್ನು ಕಲಿಸಿ ಆಮೇಲೆ ಕಥೆ ಶುರು ಮಾಡುತ್ತಾರೆ.

ಕಾಳವ್ವನ ಗಂಡ ಮಡಿವಾಳಪ್ಪನವರು ಪುರಾಣಿಕರು. ಹಗಲು ಹುಬ್ಬಳ್ಳಿಯ ಹತ್ತಿ ಅಂಗಡಿಯಲ್ಲಿ ಗುಮಾಸ್ತಿಕೆ, ಶ್ರಾವಣ ಬಂತೆಂದರೆ ಸಂಜೆ ಮಠದ ಕಟ್ಟೆಯ ಮೇಲೆ ಶರಣರ ಪುರಾಣ. ಸಂಜೆ ಹೇಳಬೇಕಾದದ್ದನ್ನು ಅವರು ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹೇಳಿ ನೋಡುತ್ತಿದ್ದರು. ಒಳಗೆ ಕಾಳವ್ವ ರೊಟ್ಟಿ ಬಡಿಯುತ್ತ ಹೂಂ ಅನ್ನುತ್ತಿದ್ದಳು. ಕಥೆಯೊಳಗಿಂದ ಇನ್ನೊಂದು ಕಥೆಗೆ ಹೋಗುವಾಗ ಅವರು ತಮ್ಮ ಚಸ್ಮಾದ ಡಬ್ಬಿಯನ್ನು ಟಕ್ಕೆಂದು ಮುಚ್ಚುವರು. ಮಠದಲ್ಲಿ ಅದೇ ಜಾಗಕ್ಕೆ ಹಾರ್ಮೋನಿಯಂ ನುಡಿಯುತ್ತಿತ್ತು. ಆಕೆಯ ಹೂಂ ಸಪ್ಪಗಾಯಿತೋ, ಅವರು ತಡೆದು ನಿಂತು ಆ ಭಾಗವನ್ನು ಮೊಟಕು ಮಾಡುವರು. ಸಂಜೆ ಜನ, "ಏನ್ ಹೇಳಿದ್ರಿ ಪುರಾಣಿಕರ, ಮೈ ಜುಂ ಅಂತು" ಎಂದು ಹೊಗಳಿದರೆ, ಹೆಂಗಸರ ಸಾಲಿನಿಂದ ಕಾಳವ್ವ ಸೆರಗು ಸರಿಮಾಡಿಕೊಂಡು ಎದ್ದು ಬರುವಳು. ಆ ಹೊಗಳಿಕೆಯಲ್ಲಿ ತನಗೂ ಪಾಲಿದೆ ಎಂದು ಆಕೆ ಒಂದು ದಿನವೂ ಅಂದುಕೊಂಡವಳಲ್ಲ.

ಅಂಥ ಮಡಿವಾಳಪ್ಪನವರಿಗೆ ದೀಪಾವಳಿ ಕಳೆದ ಮೇಲೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಸತ್ತೂರಿನ ದವಾಖಾನೆಯಲ್ಲಿ ಜೀವ ಉಳಿಸಿ ಕಳಿಸಿದರು. ಅಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳು ಬಂದು, "ಅಜ್ಜಾರ, ಆ ಅನ್ರಿ. ಅನ್ರಿ ನೋಡೋಣು, ಆ..." ಎಂದು ಅಕ್ಕರೆಯಿಂದಲೇ ಕೇಳಿದ್ದಳು. ಸಾವಿರ ಜನರನ್ನು ಕಟ್ಟಿ ಕೂರಿಸಿದ ಬಾಯಿಗೆ ಬಾಲವಾಡಿಯ ಪಾಠ! ಮಡಿವಾಳಪ್ಪನವರು ಆಕೆಯನ್ನು ಒಮ್ಮೆ ನೋಡಿ ತುಟಿ ಬಿಗಿದುಕೊಂಡರು. ಅಂದು ಮುಚ್ಚಿದ ಬಾಯಿ ಊಟಕ್ಕೆ ಬಿಟ್ಟರೆ ಮತ್ತೆ ತೆರೆಯಲಿಲ್ಲ.

"ಮಾತು ಒಳಗ ಐತ್ರಿ, ಹೊರಗ ಬರೋ ದಾರಿ ಅಷ್ಟ ಮುಚ್ಚೈತಿ" ಎಂದು ಡಾಕ್ಟರು ಮಗ ಅಮರೇಶನಿಗೆ ಹೇಳಿದ್ದರು. "ಏನರ ಒಂದು ದನಿ ಅವರಾಗೇ ತಗೀಬೇಕು. ಈಗ ಮನಸ್ಸು ಮಾಡ್ಲಿಲ್ಲಂದ್ರ ಮುಂದ ಭಾಳ ಕಷ್ಟ."

ಅಮರೇಶ ಕೈಮುಗಿದು ಕೇಳಿಕೊಂಡ. ಕಾಳವ್ವ ಬೇಡಿದಳು, ಗದರಿದಳು, ಅತ್ತಳು. ಅವರು ಜಪ್ಪಯ್ಯ ಅನ್ನಲಿಲ್ಲ. ಗೋಡೆಯ ಕಡೆಗೆ ಮುಖ ಮಾಡಿ ಮಲಗಿದರು.

ಆ ಹೊತ್ತಿನಲ್ಲೇ ಮೊಮ್ಮಗಳು ಸೌಮ್ಯಾಳಿಗೆ ಧಾರಾವಾಹಿಯ ಹುಚ್ಚು ಹಿಡಿದದ್ದು. ಧಾರವಾಡದ ಕಾಲೇಜಿನ ಗೆಳತಿಯೊಬ್ಬಳು ಇಂಗ್ಲಿಷ್ ಧಾರಾವಾಹಿಯೊಂದರ ಸೀಡಿಗಳನ್ನು ಕೊಟ್ಟಿದ್ದಳು. ಹಡಗೊಂದು ಒಡೆದು ಒಂದಷ್ಟು ಜನ ಹೆಸರೇ ಗೊತ್ತಿಲ್ಲದ ದ್ವೀಪ ಸೇರುತ್ತಾರೆ. ಮುಂದೆ ಅವರ ಗತಿಯೇನು ಎಂಬುದೇ ಕಥೆ. ಸೌಮ್ಯಾಳಿಗೆ ನೋಡಿದ್ದನ್ನು ಯಾರಿಗಾದರೂ ಹೇಳದಿದ್ದರೆ ತಿಂದ ಅನ್ನ ಕರಗುತ್ತಿರಲಿಲ್ಲ. ಹೂಂ ಅನ್ನಲು ಮನೆಯಲ್ಲೇ ಇಂಥ ಆಯಿ ಇರುವಾಗ ಇನ್ನೊಬ್ಬರನ್ನು ಯಾಕೆ ಹುಡುಕಬೇಕು? ಮಧ್ಯಾಹ್ನ ಅಜ್ಜನಿಗೆ ಗಂಜಿ ಕುಡಿಸಿದ ಮೇಲೆ ಅದೇ ಕೋಣೆಯಲ್ಲಿ ಆಯಿ ಅಕ್ಕಿ ಆರಿಸುತ್ತ ಕೂತರೆ, ಮೊಮ್ಮಗಳು ಕುರ್ಚಿ ಎಳೆದುಕೊಂಡು ಶುರು ಮಾಡುವಳು.

ಮೊದಲನೆಯ ದಿನ ದ್ವೀಪದಲ್ಲೊಬ್ಬ ಅಡುಗೆಯವ ಎಲ್ಲರ ಪಾಲಿನ ಕುಡಿಯುವ ನೀರನ್ನು ಕದ್ದು ಬಂಡೆಯ ಸಂದಿಯಲ್ಲಿ ಬಚ್ಚಿಟ್ಟ. ಕಾಳವ್ವ ಅವನಿಗೆ ಹಿಡಿಶಾಪ ಹಾಕಿದಳು.

ಮರುದಿನ ಸೌಮ್ಯಾ, "ಈಗ ಭುಸ್ ಅಂತ ಒಂದು ಸಪ್ಪಳ ಆಗತೈತಿ ಆಯಿ. ಆಮ್ಯಾಲೆ ಅದ ಅಡಿಗಿಯಂವ, ಆದ್ರ ಸಣ್ಣ ಹುಡುಗ. ಬ್ಯಾರೆ ಊರು, ಬ್ಯಾರೆ ಬಟ್ಟಿ" ಎಂದಳು.

"ಹೂಂ. ಹಿಂದಿನ ಜನ್ಮ" ಎಂದಳು ಕಾಳವ್ವ, ಗೊತ್ತಿದ್ದವಳ ಹಾಗೆ. ಪುರಾಣದಲ್ಲಿ ಯಾರಿಗೆ ಏನು ಕಷ್ಟ ಬಂದರೂ ಟಕ್ಕೆಂದು ಡಬ್ಬಿ ಮುಚ್ಚಿ ಹಿಂದಿನ ಜನ್ಮಕ್ಕೇ ಅಲ್ಲವೇ ಹೋಗುವುದು?

"ಜನ್ಮ ಅಲ್ಲ ಆಯಿ! ಇದ ಜನ್ಮ. ಅವನ ಸಣ್ಣಂದಿನ ಕಥಿ."

"ಇದ ಜನ್ಮದಾಗಿಂದು ಹೇಳಾಕ ಅಷ್ಟು ಹಿಂದ ಯಾಕ ಹೋಗಬೇಕು?"

"ಕೇಳು ನೀ ಸುಮ್ನ. ಅವಂಗೊಬ್ಬ ತಮ್ಮ ಇರತಾನ. ಇಬ್ಬರೂ ಒಂದು ದೋಣ್ಯಾಗ ಸಿಕ್ಕೊಂಡಿರತಾರ. ನೀರು ತೀರತೈತಿ. ತಮ್ಮ ನೀರು ನೀರು ಅಂತ ಇವನ ತೊಡಿ ಮ್ಯಾಲೆ ಪ್ರಾಣ ಬಿಡತಾನ."

ಕಾಳವ್ವನ ಕೈ ಮೊರದಲ್ಲೇ ನಿಂತಿತು. ಆಕೆ ಕೇಳಿದಳು: "ಹಂಗಾದ್ರ ನಿನ್ನೆ ನಾ ಅವಂಗ ಬೈದದ್ದು?"

"ಬೈಲಿ ಅಂತನ ಹಂಗ ತೋರಿಸಿದ್ರು. ಮೊದಲ ಬೈಸತಾರ, ಆಮ್ಯಾಲೆ ಅಳಸತಾರ."

ಕಾಳವ್ವನಿಗೆ ಸೋಜಿಗವಾಯಿತು. ಹಿಂದಿನ ಜನ್ಮದ ಪಾಪಕ್ಕೆ ಯಾರೇನು ಮಾಡಲಾದೀತು, ಕೈಮುಗಿದು ಸುಮ್ಮನಾಗಬೇಕು. ಆದರೆ ಇದೇ ಜನ್ಮದ್ದು, ಇದೇ ಮೈಯೊಳಗಿದ್ದದ್ದು, ಕಣ್ಣೆದುರು ಇದ್ದೂ ಕಾಣದೆ ಹೋದದ್ದು! ಎಲ್ಲೋ ಸಮುದ್ರದಾಚೆ ಕೂತವನೊಬ್ಬ ಈ ಬೆಂಗೇರಿಯ ಮುದುಕಿ ಬೈಯುತ್ತಾಳೆಂದು ಮೊದಲೇ ತಿಳಿದು, ಬೈಯಲು ಬಿಟ್ಟು, ಮರುದಿನ ಆಕೆಯನ್ನೇ ಮರುಗಿಸಿದ್ದನಲ್ಲ. ಅಂದು ಸಂಜೆ ಹಾಲಿನವ ಬಸಣ್ಣ ತಡಮಾಡಿ ಬಂದಾಗ ಆಕೆ ಬೈಯಲಿಲ್ಲ. ಇವನ ಹಿಂದೆ ಯಾವ ದೋಣಿ ಇದೆಯೋ ಎಂದು ಅವನ ಮುಖವನ್ನೇ ನೋಡುತ್ತ ನಿಂತಳು. ಬಸಣ್ಣ ಗಾಬರಿಯಾಗಿ ಒಂದು ಮಿಳ್ಳಿ ಹಾಲು ಹೆಚ್ಚೇ ಹಾಕಿ ಹೋದ.

ಹೀಗೇ ದಿನಕ್ಕೊಬ್ಬರ ಹಿಂದಿನ ಕಥೆ ಬಿಚ್ಚಿತು. ದ್ವೀಪದಲ್ಲೊಬ್ಬ ಮುದುಕನೂ ಇದ್ದ. ತೊಡೆಯ ಮೇಲೊಂದು ಬೀಗ ಹಾಕಿದ ಪೆಟ್ಟಿಗೆ ಇಟ್ಟುಕೊಂಡು ಯಾರೊಡನೆಯೂ ಮಾತಾಡದೆ ಕೂಡುವವನು. ಅದರೊಳಗೇನಿದೆ ಎಂದು ಕಾಳವ್ವ ದಿನಾ ಕೇಳುವಳು, ನನಗೂ ಗೊತ್ತಿಲ್ಲ ಎಂದು ಸೌಮ್ಯಾ ದಿನಾ ಹೇಳುವಳು.

ಒಂದು ಮಧ್ಯಾಹ್ನ ನರ್ಸಮ್ಮನೊಬ್ಬಳ ಸರದಿ. ಭುಸ್ ಎಂದ ಮೇಲೆ ಆಕೆ ಒಳ್ಳೆಯ ಸೀರೆ ಉಟ್ಟು, ಸ್ವಂತ ಮನೆಯಲ್ಲಿ, ಮಗುವಿಗೆ ತಲೆ ಬಾಚುತ್ತಿದ್ದಾಳೆ. ಇಂಗ್ಲಿಷಿನವಳಿಗೆ ಸೀರೆ ಉಡಿಸಿದ್ದು ಸೌಮ್ಯಾಳ ಉಪಕಾರ.

"ಹೂಂ. ಹಡಗು ಹತ್ತೋಕಿಂತ ಮೊದಲಿನ ಮಾತು" ಎಂದಳು ಕಾಳವ್ವ. ಈಗ ಆಕೆ ಪಳಗಿದ್ದಳು.

"ನಾನೂ ಹಂಗ ತಿಳ್ಕೊಂಡಿದ್ದೆ. ಆಮ್ಯಾಲೆ ಆಕಿ ಬಳಿ ಹಾಕ್ಕೋಳಾಕ ತೋಳು ಮ್ಯಾಲೆತ್ತತಾಳ. ಅಲ್ಲಿ ದೊಡ್ಡದೊಂದು ಗಾಯದ ಕಲಿ. ಮೊನ್ನೆ ದ್ವೀಪದಾಗ ಬಂಡಿಗಲ್ಲಿಗೆ ತಾಗಿ ಆತಲ್ಲ, ಅದ ಗಾಯ."

ಕಾಳವ್ವನಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ತಿಳಿದಾಗ ರೋಮಗಳು ಎದ್ದು ನಿಂತವು. "ಅಂದ್ರ ಇದು ಹಿಂದಿಂದು ಅಲ್ಲ. ಮುಂದಿಂದು! ಆಕಿ ಮನಿ ಮುಟ್ಟತಾಳ! ಅಯ್ಯ ಶಿವನ, ಇನ್ನೂ ಆಗದ ಇದ್ದದ್ದನ್ನ ಹಿಂಗ ತಂದು ತೋರಿಸಬಹುದಾ?"

ಮಂಚ ಕಿರ್ ಎಂದಿತು. ಕಾಳವ್ವ ಹೊರಳಿ ನೋಡಿದಳು. ಮಡಿವಾಳಪ್ಪನವರ ಮುಖ ಗೋಡೆಯ ಕಡೆಗಿರಲಿಲ್ಲ. ಸೂರು ನೋಡುತ್ತ ಮಲಗಿದ್ದರು. ಒಳ್ಳೆಯ ಕಥೆ ಕೇಳುವಾಗ ಮೇಲೇರುವ ಅವರ ಹುಬ್ಬು, ಎಡಗಡೆಯದು ಒಂದೇ, ಮೇಲೇರಿತ್ತು.

ಕಾಳವ್ವ ಕಂಡೂ ಕಾಣದವಳ ಹಾಗೆ ಅಕ್ಕಿಗೆ ಬಗ್ಗಿದಳು.

ಅಷ್ಟರಲ್ಲಿ ಪರೀಕ್ಷೆಗಳು ಬಂದವು. ಮುದುಕ ಪೆಟ್ಟಿಗೆಯ ಬೀಗಕ್ಕೆ ಕೀಲಿ ಹಾಕಿ ತಿರುವಿದ್ದಾನೆ ಎಂಬಲ್ಲಿಗೆ ಕಥೆ ನಿಲ್ಲಿಸಿ, ಸೌಮ್ಯಾ ಓದಲು ಧಾರವಾಡದ ಗೆಳತಿಯ ಮನೆಗೆ ಹೋದಳು. ಮರುದಿನ ಮಧ್ಯಾಹ್ನ ಗಂಜಿಯಾಯಿತು. ಮಡಿವಾಳಪ್ಪನವರು ತಾವಾಗಿಯೇ ಇತ್ತ ಹೊರಳಿ ಖಾಲಿ ಕುರ್ಚಿಯನ್ನು ನೋಡಿದರು. ಬಾಗಿಲು ನೋಡಿದರು. ಆಮೇಲೆ ನಿಧಾನವಾಗಿ ಗೋಡೆಯ ಕಡೆ ಹೊರಳತೊಡಗಿದರು.

ಈ ಸಲ ಹೊರಳಿದರೆ ಮತ್ತೆ ಇತ್ತ ಬರುವುದಿಲ್ಲ ಎಂದು ಕಾಳವ್ವನಿಗೆ ಖಚಿತವಾಗಿ ಅನಿಸಿತು.

"ತಡೀರಿ, ನಾ ಹೇಳತೇನಿ" ಎಂದಳು. ಜೀವಮಾನದಲ್ಲಿ ಆಕೆ ಯಾರಿಗೂ ಕಥೆ ಹೇಳಿದವಳಲ್ಲ. "ಒಂದು ದ್ವೀಪ ಇತ್ತು. ಅಲ್ಲೊಬ್ಬ ಮುದುಕ. ಅವನ ಹತ್ರ ಒಂದು ಪೆಟಗಿ..." ಎಂದು ನಿಂತಳು. ಹೂಂ ಬರಲಿಲ್ಲ. ಬಾಯಿ ಒಣಗಿತು. ಇನ್ನೆರಡು ಮಾತು ಹೇಳಿದಳು, ಮತ್ತೆ ನಿಂತಳು. ಅತ್ತಲಿಂದ ಉಸಿರೂ ಕೇಳಲಿಲ್ಲ. ಎಲ್ಲಿಯೂ ದಡವಿಲ್ಲದ ನೀರಿನ ನಡುವೆ ತನ್ನೊಬ್ಬಳನ್ನೇ ಬಿಟ್ಟಂತಾಗಿ ಆಕೆಗೆ ಅಳುವೇ ಬಂತು. ಬೆಳಬೆಳಿಗ್ಗೆ ಹೊಸ್ತಿಲ ಮೇಲೆ ಕೂತು ಈ ಮನುಷ್ಯ ತನ್ನೊಂದು ಹೂಂಗಾಗಿ ಕಾಯುತ್ತಿದ್ದದ್ದು ಎಂಥದ್ದು ಎಂದು ಆಕೆಗೆ ಈಗ ಗೊತ್ತಾಯಿತು. ಇಷ್ಟು ವರ್ಷ ಸಂಸಾರ ಮಾಡಿದ ಮುಖದ ಹಿಂದೆ ಇಂಥದ್ದೊಂದು ದೋಣಿ ಇತ್ತು.

ಆಕೆ ಎದ್ದುಹೋಗಿ ಗೂಡಿನಲ್ಲಿದ್ದ ಚಸ್ಮಾದ ಡಬ್ಬಿ ತಂದಳು. ಮಂಚದ ಹತ್ತಿರ ಕೂತು ಅದನ್ನು ಟಕ್ಕೆಂದು ಮುಚ್ಚಿದಳು. ಮಡಿವಾಳಪ್ಪನವರ ಭುಜ ಅಲುಗಿತು.

"ಆ ಮುದುಕ ಆಗ ಹರೇದಂವ. ಹೊಸದಾಗಿ ಲಗ್ನ ಆಗಿತ್ತು. ಹೇಣ್ತಿಗೆ ರೊಟ್ಟಿ ದುಂಡಗ ಬಡಿಯಾಕ ಬರತಿದ್ದಿಲ್ಲ. ಅತ್ತಿ ಬೈತಾಳಂತ ಅಳಕೋತ ಒಲಿ ಮುಂದ ಕುಂತಿದ್ಲು. ಅಂವ ಬಂದು ಹೊಸ್ತಲ ಮ್ಯಾಲೆ ಕುಂತ. ಅಳಬ್ಯಾಡ ಅನಲಿಲ್ಲ. ಒಂದು ಕಥಿ ಹೇಳತೇನಿ, ನೀ ಬರೇ ಹೂಂ ಅನ್ನು, ಅಂದ."

ಮಡಿವಾಳಪ್ಪನವರು ಇತ್ತ ಹೊರಳಿದರು. ಕಾಳವ್ವ ಅವರ ಕಡೆ ನೋಡದೆ ಹೇಳುತ್ತ ಹೋದಳು. ರೊಟ್ಟಿ ದುಂಡಗಾದದ್ದು, ಅತ್ತೆಯೂ ಕಥೆ ಕೇಳಲು ಬಂದು ನಿಂತದ್ದು, ಮೊದಲ ಸಲ ಮಠಕ್ಕೆ ಹೋಗುವಾಗ ಅವನು ಪುಸ್ತಕ ಮರೆತು ಅರ್ಧ ದಾರಿಯಿಂದ ವಾಪಸು ಬಂದದ್ದು. ಈಗ ಆಕೆ ಹೂಂಗಾಗಿ ಕಾಯುತ್ತಿರಲಿಲ್ಲ.

ಮತ್ತೆ ಟಕ್ಕೆಂದಳು.

"ಶ್ರಾವಣ. ಮಠದ ಕಟ್ಟಿ ಮ್ಯಾಲೆ ಕಂಬಳಿ ಹಾಸ್ಯಾರ. ಜನ ಅಂದ್ರ ಜನ, ಓಣಿತನಕ ನಿಂತಾರ. ಅಂವ ಇಸ್ತ್ರಿ ಮಾಡಿದ ಧೋತ್ರ ಉಟ್ಟು ಬಂದು ಕುಂತ. ಪುಸ್ತಕ ಬಿಚ್ಚಿದ. ವಿಭೂತಿ ಹಚ್ಚಿದ ಹಣಿ ಹಂಗ ಹೊಳೀತೈತಿ."

ಮಡಿವಾಳಪ್ಪನವರು ಕಣ್ಣು ಮುಚ್ಚಿದರು. ರೆಪ್ಪೆಯ ಸಂದಿಯಿಂದ ನೀರು ಕಿವಿಯ ಕಡೆ ಹರಿಯಿತು. ಮುಗಿದುಹೋದ ದಿನಗಳ ಮಾತು ಎಂದು ತಿಳಿದಿದ್ದರು. ಹಾಗೆ ತಿಳಿಯಲಿ ಎಂದೇ ಕಾಳವ್ವನೂ ಹೇಳಿದ್ದಳು.

"ಅಂವ ಪುಸ್ತಕದ ಹಾಳಿ ತಿರುವ್ತಾನ" ಎಂದಳು. "ಎಡಗೈಲೆ ತಿರುವ್ತಾನ. ಬಲಗೈ ತೊಡಿ ಮ್ಯಾಲೆ ಸುಮ್ನ ಕುಂತೈತಿ. ಬಾಜೂಕ ಊರುಗೋಲು ಐತಿ."

ಮಡಿವಾಳಪ್ಪನವರ ಕಣ್ಣು ತೆರೆದವು.

ಅವರು ಹೆಂಡತಿಯನ್ನು ನೋಡಿದರು. ಯಾರು ಈಕೆ, ಎಲ್ಲಿ ಕಲಿತಳು ಇದನ್ನು ಎಂಬ ಬೆರಗು ಆ ಕಣ್ಣಲ್ಲಿತ್ತು. ಮಠದಲ್ಲಿ ಜನ ತಮ್ಮನ್ನು ಹೀಗೆ ನೋಡುವುದನ್ನು ಅವರು ಎಷ್ಟೋ ಸಲ ಕಂಡಿದ್ದರು. ತಾವು ಯಾರನ್ನೂ ಹಾಗೆ ನೋಡಿರಲಿಲ್ಲ.

"ಜನ ಎಲ್ಲಾ ಉಸಿರು ಹಿಡಕೊಂಡು ಕುಂತಾರ. ಅಂವ ಬಾಯಿ ತಗೀತಾನ..." ಎಂದು ಕಾಳವ್ವ ನಿಲ್ಲಿಸಿದಳು. ಡಬ್ಬಿಯನ್ನು ಮಂಚದ ಮೇಲಿಟ್ಟು ಮೊಣಕಾಲು ಹಿಡಿದುಕೊಂಡು ಎದ್ದಳು. "ಒಲಿ ಮ್ಯಾಲೆ ಹಾಲಿಟ್ಟೇನಿ. ಉಕ್ಕಿಬಿಡತಾವು."

ಒಲೆಯ ಮೇಲೆ ಹಾಲಿರಲಿಲ್ಲ. ಕಥೆಯೊಳಗೆ ಮುಚ್ಚಿದ ಬಾಗಿಲು ಇನ್ನೇನು ತೆರೆಯಬೇಕು ಅನ್ನುವ ಹೊತ್ತಿಗೆ ಸರಿಯಾಗಿ ಪುಸ್ತಕ ಮುಚ್ಚಿ ಮಂಗಳಾರತಿ ಮಾಡಿಸಿಬಿಡುತ್ತಿದ್ದ ಗಂಡನಿಂದಲೇ ಆಕೆ ಇದನ್ನು ಕಲಿತದ್ದು. ಹೊಸ್ತಿಲವರೆಗೆ ಹೋದಳು. ಕಾಲು ಮುಂದೆ ಬರಲಿಲ್ಲ. ಹಿಂದೆ ತಿರುಗಿ ನೋಡಲೂ ಧೈರ್ಯವಿಲ್ಲದೆ ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಹಿಂದಿನಿಂದ ಮಂಚ ಕಿರ್ ಎಂದಿತು. ಗಂಟಲು ಕೆರೆದಂಥ ಒಂದು ಸದ್ದು. ಆಮೇಲೆ,

"ಹೂಂ."

ಒಡಕು ದನಿ. ಆದರೆ ಕೊನೆಗೆ ಸ್ವಲ್ಪ ಮೇಲೇರಿತ್ತು. ಸಪ್ಪಗಿನ ಹೂಂ, ನಿದ್ದೆಯ ಹೂಂ, ಸಾಕು ಮುಗಿಸು ಅನ್ನುವ ಹೂಂ, ಎಲ್ಲವೂ ಕಾಳವ್ವನಿಗೆ ಗೊತ್ತು. ಇದು ಅವಾವುದೂ ಅಲ್ಲ. ಮುಂದೇನಾಯಿತು ಹೇಳು ಎಂದು ಸೆರಗು ಹಿಡಿದು ಎಳೆಯುವ ಹೂಂ.

ಕಾಳವ್ವ ವಾಪಸು ಬಂದು ಕೂತಳು. ಕಣ್ಣೀರು ಧಾರಾಕಾರವಾಗಿ ಸುರಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೆ ಹೋಗಲಿಲ್ಲ. ಮುದುಕ ಬಾಯಿ ತೆಗೆದು ಏನೆಂದ, ಪೆಟ್ಟಿಗೆಯಲ್ಲಿ ಏನಿತ್ತು, ದ್ವೀಪದಿಂದ ಅವನು ಮನೆಗೆ ಬಂದದ್ದು ಹೇಗೆ, ಒಂದೂ ಆಕೆಗೆ ಗೊತ್ತಿರಲಿಲ್ಲ. ಆದರೂ ಡಬ್ಬಿ ಕೈಗೆತ್ತಿಕೊಂಡಳು.

"ಹೇಳತೇನಿ. ನೀವು ಮಾತ್ರ ಹೂಂ ಅನ್ನೋದು ಬಿಡಬ್ಯಾಡ್ರಿ."

ಮಡಿವಾಳಪ್ಪನವರು ಹೂಂ ಅಂದರು.