ಹನ್ನೆರಡು ಕಿಲೋ ಬೀಜ

"ಕೈಗೆ ಎಂತ ಲಕ್ವ ಹೊಡೆದಿದೆಯಾ ನಿನಗೆ? ಸಾಯ್ಲಿಕ್ಕೆ ಇಲ್ಲಿಗೇ ಬರಬೇಕಾ, ಬೇವರ್ಸಿ ಮುದುಕಿ!"

ಮೇಸ್ತ್ರಿ ಶೀನ ಬೈದದ್ದು ಆನಿಬಾಯಿಗೆ. ಅವನಿಗಿಂತ ಮೂವತ್ತು ವರ್ಷ ದೊಡ್ಡವರು. ಕಾರ್ಕಳದ ಈ ಗೇರುಬೀಜದ ಫ್ಯಾಕ್ಟರಿಯಲ್ಲಿ ತಿರುಳಿನ ಮೇಲಿನ ಕೆಂಪು ಸಿಪ್ಪೆ ಸುಲಿಯುವುದನ್ನು ನನಗೆ ಕಲಿಸಿದವರೇ ಅವರು. ಈಗ ಅವರ ಬೆರಳುಗಳು ಗಂಟುಕಟ್ಟಿವೆ, ದಿನಕ್ಕೆ ಏಳು ಕಿಲೋ ದಾಟುವುದಿಲ್ಲ. ಸುಲಿಯಬೇಕಾದದ್ದು ಎಂಟು. ಆ ಒಂದು ಕಿಲೋವನ್ನು ನಮ್ಮ ಸಾಲಿನ ಹೆಂಗಸರೆಲ್ಲ ಒಂದೊಂದು ಹಿಡಿ ಅವರ ತಟ್ಟೆಗೆ ಹಾಕಿ ತುಂಬಿಸುತ್ತಿದ್ದೆವು. ಶೀನನಿಗೆ ಅದು ಗೊತ್ತಿರಲಿಲ್ಲ.

ಹೋದ ತಿಂಗಳು ತಲೆಯ ಮೇಲೆ ಫ್ಯಾನು ಬಂತು. ಹತ್ತೂವರೆಗೆ ಚಹಾದ ಜೊತೆ ಬನ್ಸ್ ಬಂತು.

"ಧಣಿಗೆ ಒಳ್ಳೆ ಬುದ್ಧಿ ಬಂದಿದೆ ಮಾರಾಯ್ತಿ," ಎಂದಳು ಪಕ್ಕದ ರೀನಾ.

ನನಗಂತೂ ಆ ಬನ್ಸಿನ ಮೇಲೆ ನಂಬಿಕೆ ಬರಲಿಲ್ಲ. ಇಪ್ಪತ್ತು ವರ್ಷ ಬೆವರಿದಾಗ ಇಲ್ಲದ ಕರುಣೆ ಈಗ ಎಲ್ಲಿಂದ ಉಕ್ಕಿತು?

ಅದರ ಹಿಂದೆಯೇ ಧಣಿ ಕರೆಸಿದ ಸುಕೇಶ್ ಎಂಬವರು ಮಣಿಪಾಲದಿಂದ ನಮ್ಮ ಕೆಲಸ ಅಳೆಯಲು ಬಂದರು. ಕೈಯಲ್ಲಿ ಮೊಬೈಲು, ಬಾಯಲ್ಲಿ ಬೆಣ್ಣೆ.

"ಒಬ್ಬೊಬ್ಬರು ಒಂದು ಗಂಟೆಯಲ್ಲಿ ಮಾಡುವ ಕೆಲಸ ಹೆಚ್ಚಾದರೆ ಮಾತ್ರ ದೇಶ ಶ್ರೀಮಂತ ಆಗುವುದು, ಅಕ್ಕ. ಸಂಬಳವೂ ತನ್ನಿಂದ ತಾನೇ ಏರ್ತದೆ."

"ಯಾರದ್ದು ಸರ್?" ಎಂದೆ.

ಅವರು ನಕ್ಕರು. "ನಿಮ್ಮಷ್ಟು ಚುರುಕು ಇಲ್ಲಿ ಯಾರೂ ಇಲ್ಲವಂತೆ, ಅಲ್ವಾ ಪ್ರಫುಲ್ಲಕ್ಕ? ಒಂದು ವಿಡಿಯೋ ತೆಗೀತೇನೆ."

ಥೂ ನನ್ನ ಬುದ್ಧಿಗೆ! ಅಷ್ಟೆಲ್ಲ ಅನುಮಾನಪಟ್ಟವಳು ಒಂದು ಹೊಗಳಿಕೆಗೆ ಉಬ್ಬಿಹೋದೆ. ಚೂರಿಯನ್ನು ಸರಸರನೆ ಆಡಿಸಿದೆ, ಒಂದು ತಿರುಳೂ ತುಂಡಾಗಲಿಲ್ಲ. ಆ ಹೊತ್ತಿನಲ್ಲಿ ಆನಿಬಾಯಿಯ ನೆನಪೂ ನನಗಿರಲಿಲ್ಲ.

ಸೋಮವಾರ ಗೋಡೆಗೆ ಬೋರ್ಡು ಬಿತ್ತು. ವಿಡಿಯೋದಲ್ಲಿ ನಾನು ಸುಲಿದ ಲೆಕ್ಕದಲ್ಲೇ ಇನ್ನು ಎಲ್ಲರಿಗೂ ದಿನಕ್ಕೆ ಹನ್ನೆರಡು ಕಿಲೋ. ಮುಟ್ಟದವರಿಗೆ ಮುಂದಿನ ತಿಂಗಳಿಂದ ಕೆಲಸವಿಲ್ಲ. ಸಂಬಳ ಮಾತ್ರ ಇದ್ದಷ್ಟೇ. ಹನ್ನೆರಡು ಮುಟ್ಟುವಷ್ಟರಲ್ಲಿ ನಮ್ಮ ಸೊಂಟ ಬಿದ್ದುಹೋಗುತ್ತಿತ್ತು, ಆನಿಬಾಯಿಯ ತಟ್ಟೆಗೆ ಹಾಕಲು ಯಾರ ಬಳಿಯೂ ಹಿಡಿ ಬೀಜ ಉಳಿಯಲಿಲ್ಲ.

"ನಿನ್ನ ಕೈ ಚಂದ ಉಂಟು ಮಗಾ," ಎಂದರು ಆನಿಬಾಯಿ ನನಗೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸುಕೇಶ್ ಎರಡನೇ ಸಲ ಬರುವ ದಿನ ಬೆಳಿಗ್ಗೆ ಬಸ್ಸಿನಲ್ಲಿಯೇ ಮಾತಾಡಿಕೊಂಡೆವು: ಎಲ್ಲರೂ ಆನಿಬಾಯಿಯ ವೇಗದಲ್ಲೇ ಸುಲಿಯುವುದು, ಆಗ ಹನ್ನೆರಡರ ಲೆಕ್ಕ ಇಳಿದೀತು. ಅವರಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ, ತನಗಾಗಿ ಯಾರೂ ಬೈಗುಳ ತಿನ್ನುವುದು ಬೇಡ ಎಂದು ತಡೆಯುತ್ತಿದ್ದರು.

ಮೊಬೈಲು ನಮ್ಮ ಸಾಲಿನ ಮುಂದೆ ಬಂತು. ಕೈಗಳು ನಿಧಾನವಾದವು.

"ಎಂತ, ಸತ್ತವರ ಮನೆಯಾ ಇದು? ಕೈ ಆಡಿಸಿ, ರಂಡೆಯರೇ!" ಶೀನ ಕಿರುಚಿದ. ಯಾರೂ ತಲೆ ಎತ್ತಲಿಲ್ಲ.

ಆನಿಬಾಯಿ ಹೆದರಿಬಿಟ್ಟರು. ಆ ಬೈಗುಳವೂ ತನಗೇ ಎಂದುಕೊಂಡು ಭರಭರನೆ ಸುಲಿಯತೊಡಗಿದರು. ಆ ಗಂಟು ಬೆರಳುಗಳು ಹೇಗೆ ಮಡಚಿದವೋ ದೇವರೇ ಬಲ್ಲ.

ಸುಕೇಶ್ ಅತ್ತ ಓಡಿದರು. "ವಾಹ್ ಅಜ್ಜಿ! ನೋಡಿ, ಈ ಪ್ರಾಯದಲ್ಲಿ ಇವರಿಂದ ಆಗ್ತದೆ. ನಿಮಗೆಲ್ಲ ಎಂತ ರೋಗ?"

ಚೂರಿ ಕೊಯ್ದು ಆನಿಬಾಯಿಯ ಬೆರಳಿನ ರಕ್ತ ಬಿಳಿ ತಿರುಳಿಗೆ ಅಂಟುತ್ತಿತ್ತು. ನಾನು ಎದ್ದು ಹೋಗಿ ಆ ಕೈಯನ್ನು ಗಟ್ಟಿಯಾಗಿ ಹಿಡಿದೆ.

"ಬಿಡು ಪ್ರಫುಲ್ಲಾ! ನನ್ನ ಕೆಲಸ ಹೋಗ್ತದೆ, ಬಿಡು ಮಾರಾಯ್ತಿ!"

ಎಳೆದುಕೊಂಡರು, ಪರಚಿದರು. ಶೀನ ನನ್ನ ಜುಟ್ಟಿಗೆ ಕೈ ಹಾಕಿದ. ಮೊಬೈಲು ಇನ್ನೂ ನಮ್ಮ ಕಡೆಗೇ ಇತ್ತು.

ನಾನು ಬಿಡಲಿಲ್ಲ.