ಮೊಹರು ಒತ್ತಿದ ಕೈ

ನಕ್ಷೆ ಹಿಡಿದು ಬಾಗಿಲಿಗೆ ಬಂದವರನ್ನು ತ್ಸುರುಯೊ ಒಳಗೆ ಕರೆಯುವವಳೇ ಅಲ್ಲ. ಹಿಂದೊಮ್ಮೆ ಹಾಗೆ ಬಂದವರು ದೊಕಾಯ್ ಕೊಲ್ಲಿಯನ್ನೇ ನುಂಗಿ ನೀರು ಕುಡಿದಿದ್ದರು! ಸಿಗಡಿ ಹಿಡಿಯುತ್ತಿದ್ದ ಜಾಗಕ್ಕೆ ಉಕ್ಕಿನ ಕುಲುಮೆಯ ಕಿಟ್ಟ ಸುರಿದು, ಮೇಲೆ ರೈಲು ಹಳಿ ಹಾಸಿದ್ದರು. ಈಗ ಬಂದ ನಾಗಾತೊಮಿ ಎಂಬ ಹೆಂಗಸು ನಗರದ ವಸ್ತುಸಂಗ್ರಹಾಲಯದವಳಂತೆ. ಹಳೆಯ ದಡ ಎಲ್ಲಿತ್ತೆಂದು ಗುರುತಿಸಬೇಕಂತೆ.

"ದಡ ತಗೊಂಡು ಏನ್ಮಾಡ್ತೀಯಮ್ಮ? ಈ ಸಲ ಯಾರಿಗೆ ಮಾರ್ತೀರಿ?"

"ಅಯ್ಯೋ, ಮಾರೋಕಲ್ಲ ಅಜ್ಜಿ, ಬರೆದಿಡೋಕೆ. ಮೀನುಗಾರರ ಸಂಘದ ಹಳೇ ಪತ್ರಾನೂ ಸಿಕ್ಕಿದೆ. ಕಡಲು ಬಿಟ್ಟುಕೊಟ್ಟಿದ್ದು."

ತ್ಸುರುಯೊ ಬಾಗಿಲನ್ನು ಪೂರ್ತಿ ತೆಗೆದಳು. ಆ ಪತ್ರದಲ್ಲಿ ಮೂವತ್ತೇಳು ಮನೆಯವರ ಮೊಹರೂ ಇತ್ತು. ಆದರೆ ಒಬ್ಬನೂ ಒಪ್ಪಲಿಲ್ಲ. ನಾನೊತ್ತಿಲ್ಲ, ನೀನೇ ಒತ್ತಿದ್ದು ಎಂದು ಒಬ್ಬರನ್ನೊಬ್ಬರು ಶಂಕಿಸುತ್ತಲೇ ಕೇರಿ ಒಡೆದುಹೋಯಿತು. ಕಡಲು ಮಾರಿದವನೆಂಬ ಹೆಸರು ಹೊತ್ತೇ ಅವಳಪ್ಪನೂ ಸತ್ತ. ಆ ಹೆಸರು ತೊಳೆಯದೆ ತಾನು ಸಾಯಬಾರದೆಂದು ಅವಳ ಹಟ.

ಅದು ಯಾರ ಕೈವಾಡವೆಂದು ಅವಳಿಗೆ ಅನುಮಾನವೇ ಇರಲಿಲ್ಲ. ಗಂಡಸರು ದಿನವಿಡೀ ನೀರಿನ ಮೇಲೆ. ಸಹಿಯ ಬದಲು ಒತ್ತುವ ಮೊಹರುಗಳನ್ನು ಸಂಘದ ಮೇಜಿನ ಖಾನೆಯಲ್ಲೇ ಬಿಟ್ಟು ಹೋಗುವುದು ರೂಢಿ. ಖಾನೆಯ ಬೀಗದ ಕೈ ಇದ್ದದ್ದು ಗುಮಾಸ್ತ ಕುಮೆಕಿಚಿಯ ಬಳಿ. ಇನ್ನೇನು ಬೇಕು? ಪಕ್ಕದ ಮನೆಯ ಆ ಮುದುಕನ ಜೊತೆ ಅವಳು ಮಾತು ಬಿಟ್ಟು ನಲವತ್ತೆಂಟು ವರ್ಷವಾಗಿತ್ತು.

"ಕರಿ ಅವನನ್ನ. ಅವನ ಎದುರಿಗೇ ಆಗ್ಲಿ."

ಕುಮೆಕಿಚಿ ಕೋಲೂರಿಕೊಂಡು ಬಂದ. "ಏನ್ ತ್ಸುರು, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?"

"ನಿನ್ನ ಬಣ್ಣ ಬಯಲಾಗೋದು ನೋಡ್ಬೇಕಲ್ಲ!"

ನಾಗಾತೊಮಿ ಬಿಚ್ಚಿದ ಪತ್ರ ಕಂಡದ್ದೇ ಅವನ ಮುಖ ಬಿಳಿಚಿತು. "ಮಡಚಿಡಮ್ಮ ಅದನ್ನ. ಹಳೇದನ್ನ ಕೆದಕೋದ್ಯಾಕೆ?"

"ನೋಡು, ಕಳ್ಳನಿಗೆ ಹೇಗೆ ಭಯ!" ತ್ಸುರುಯೊ ಪತ್ರ ಕಿತ್ತುಕೊಂಡಳು.

ಮೂವತ್ತೇಳು ಕೆಂಪು ಮೊಹರುಗಳು, ಚೌಕದೊಳಗೆ ಒಂದಿಷ್ಟೂ ಆಚೀಚೆ ಇಲ್ಲ. ಅಪ್ಪನದೊಂದು ಮಾತ್ರ ತಲೆಕೆಳಗು. ಅವಳು ಆ ಮೊಹರಿನ ಮೇಲೆ ಬೆರಳಿಟ್ಟಳು. ಆ ಪತ್ರವಾದಾಗ ಅವಳಿಗೆ ಹನ್ನೊಂದು ವರ್ಷ. ಅಮ್ಮ ಸಂಘದ ಹಿತ್ತಲಲ್ಲಿ ಬಲೆ ಒಣಗಿಸುತ್ತಿದ್ದಳು. ಒಳಗೆ ನಕ್ಷೆಯವರ ಪೈಕಿ ಟೈ ಕಟ್ಟಿದ ಒಬ್ಬಾತ ಮಿಠಾಯಿ ಕೊಟ್ಟು, "ನಿನ್ನ ಕೈ ಎಷ್ಟು ಚಂದ ಪುಟ್ಟಿ! ಈ ಮೊಹರೆಲ್ಲ ಚೌಕದೊಳಗೆ ಒತ್ತು ನೋಡೋಣ" ಅಂದಿದ್ದ. ಕೊನೆಯದು ತಿರುಗುಮುರುಗಾದಾಗ, "ಪರವಾಗಿಲ್ಲ ಬಿಡು" ಎಂದು ನಕ್ಕಿದ್ದ. ಅದೊಂದು ಆಟವೆಂದುಕೊಂಡು ಮರೆತೇಬಿಟ್ಟಿದ್ದಳು.

"ನಿಂಗೆ ಗೊತ್ತಿತ್ತಾ?"

"ಖಾನೆಗೆ ಬೀಗ ಹಾಕದೆ ಊಟಕ್ಕೆ ಹೋದೋನು ನಾನು. ಬಂದಾಗ ನಿನ್ನ ಬೆರಳೆಲ್ಲ ಕೆಂಪು. ನಾನೇ ಒತ್ತಿದೆ ಅಂತ ನೀನಂದುಕೊಂಡ್ರೂ ಸರಿ ಅಂತ ಸುಮ್ಮನಾದೆ."

"ಅಪ್ಪಂಗೆ?"

ಕುಮೆಕಿಚಿ ಕೋಲನ್ನು ಗೋಡೆಗೆ ಒರಗಿಸಿದ. "ಅವತ್ತು ಸಂಜೆ ನಿನ್ನ ಬೆರಳು ತೊಳೆದೋನೇ ಅವನು. ಅವಳಿಗೆ ಯಾವತ್ತೂ ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸ್ಕೊಂಡ."

ತ್ಸುರುಯೊ ಹೊಸ್ತಿಲ ಮೇಲೆ ಕೂತಳು. ಬೆರಳುಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ನಾಗಾತೊಮಿಯ ಕಡೆ ತಿರುಗಿದಳು.

"ಬರ್ಕೋಮ್ಮ," ಎಂದಳು. "ಒತ್ತಿದ್ದು ನಾನು."